ಸಹಿ ಬಿದ್ದ ಒಪ್ಪಂದ ಸಿಂದಗಿ ಠಾಣೆಗೆ ಯಾವಾಗ ಬರುತ್ತದೆ?

ಪ್ರಶ್ನೆ: ನಾನು ಸಿಂದಗಿ ತಾಲ್ಲೂಕಿನವನು. ಮರಾಠಾ ರೆಜಿಮೆಂಟಿನಲ್ಲಿ ಸುಬೇದಾರನಾಗಿ ನಿವೃತ್ತನಾದೆ. ಮೊಮ್ಮಗ ಬೆಳಗಾವಿಯಲ್ಲಿ ಕಾನೂನು ಓದುತ್ತಾನೆ. ಟಿವಿಯಲ್ಲಿ ಹೇಗ್ ನಗರದ ಕೋರ್ಟಿನ ಸುದ್ದಿ ಬಂದಾಗಲೆಲ್ಲ ನಮ್ಮಿಬ್ಬರಿಗೂ ವಾದ ಶುರುವಾಗುತ್ತದೆ. ಜನಾಂಗ ಹತ್ಯೆ ತಡೆಯುವ ಒಪ್ಪಂದಕ್ಕೆ ಭಾರತ ಸಹಿ ಹಾಕಿದೆ, ಹಾಗಾಗಿ ಅದು ನಮ್ಮ ದೇಶದ ಕಾನೂನೇ ಎಂದು ಅವನು ಹೇಳುತ್ತಾನೆ. ಹಾಗಿದ್ದರೆ ನಮ್ಮ ಠಾಣೆಯಲ್ಲಿ ಆ ಕಲಂ ಹಾಕಿ ಕೇಸ್ ಮಾಡಲಿ ನೋಡೋಣ ಎಂದು ನಾನು. ಯಾರು ಸರಿ? ಮತ್ತೆ ಆ ಹೇಗ್ ಕೋರ್ಟಿಗೆ ಭಾರತ ಯಾಕೆ ಸೇರಿಲ್ಲ?

ಉತ್ತರ:

ಸುಬೇದಾರ ಸಾಹೇಬರೇ, ನಿಮ್ಮ ಸಂಶಯ ಸರಿಯಾಗಿದೆ. ಸಿಂದಗಿ ಠಾಣೆಯಲ್ಲಿ ಇವತ್ತು ಜನಾಂಗ ಹತ್ಯೆ ಎಂಬ ಅಪರಾಧಕ್ಕೆ ಎಫ್‌ಐಆರ್ ಆಗುವುದಿಲ್ಲ. ದೇಶದ ಯಾವ ಠಾಣೆಯಲ್ಲೂ ಆಗುವುದಿಲ್ಲ. ಹಳೆಯ ದಂಡ ಸಂಹಿತೆಯಲ್ಲಿ ಆ ಹೆಸರಿನ ಕಲಂ ಇರಲಿಲ್ಲ, 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇಲ್ಲ. ಹಾಗಂತ ನಿಮ್ಮ ಮೊಮ್ಮಗ ಸುಮ್ನೆ ಹೇಳುತ್ತಿಲ್ಲ. ಆ ಒಪ್ಪಂದಕ್ಕೆ ಭಾರತ 1949ರ ನವೆಂಬರ್ 29ರಂದು ಸಹಿ ಹಾಕಿದೆ. 1959ರ ಆಗಸ್ಟ್ 27ರಂದು ಅದನ್ನು ದೃಢೀಕರಿಸಿಯೂ ಆಗಿದೆ. ದೇಶ ಮಾತು ಕೊಟ್ಟಿದೆ, ಆ ಮಾತಿಗೆ ಕಟ್ಟುಬಿದ್ದಿದೆ. ಆದರೂ ಆ ಮಾತು ಠಾಣೆಯವರೆಗೆ ಬಂದಿಲ್ಲ. ಯಾಕೆ ಬಂದಿಲ್ಲ ಅನ್ನುವುದೇ ನಿಮ್ಮ ಪ್ರಶ್ನೆಯ ತಿರುಳು.

ಹೊಲ ಖರೀದಿ ಮಾಡುವುದನ್ನು ನೆನಪು ಮಾಡಿಕೊಳ್ಳಿ. ಮೊದಲು ಸಂಚಕಾರ, ಅಂದರೆ ಮುಂಗಡ ಹಣ, ಕೊಡುತ್ತೀರಿ. ಮಾತುಕತೆ ಮುಗಿಯಿತು, ಆದರೆ ಹೊಲ ಇನ್ನೂ ನಿಮ್ಮದಲ್ಲ. ಆಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಖರೀದಿ ಪತ್ರ ಆಗುತ್ತದೆ. ಅಲ್ಲಿಗೆ ಎರಡೂ ಕಡೆಯವರು ಕಟ್ಟುಬಿದ್ದಂತೆ. ಆದರೂ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ನಿಮ್ಮ ಹೆಸರು ಏರುವ ತನಕ ಬ್ಯಾಂಕಿನವರು ಬೆಳೆಸಾಲ ಕೊಡುವುದಿಲ್ಲ, ಬೆಳೆ ಹಾನಿಯಾದರೆ ಪರಿಹಾರದ ಪಟ್ಟಿಯಲ್ಲಿ ನೀವು ಇರುವುದಿಲ್ಲ. ಹಿನ್ನೀರಿನಲ್ಲಿ ಹೊಲ ಮುಳುಗಿ, ಉತಾರದಲ್ಲಿ ಅಜ್ಜನ ಹೆಸರೇ ಉಳಿದುಹೋದ ಮನೆಯವರನ್ನು ಕೇಳಿ, ಅದರ ಕಷ್ಟ ಅವರು ಹೇಳುತ್ತಾರೆ.

ಒಪ್ಪಂದಕ್ಕೆ ಸಹಿ ಎಂದರೆ ಸಂಚಕಾರ. ದೃಢೀಕರಣ ಎಂದರೆ ಖರೀದಿ ಪತ್ರ. ಕೇಂದ್ರ ಸಚಿವ ಸಂಪುಟ ಒಪ್ಪಿ, ದೃಢೀಕರಣದ ಪತ್ರವನ್ನು ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿಯ ಬಳಿ ಇಟ್ಟರೆ ಆ ಕೆಲಸ ಮುಗಿಯಿತು. ಇನ್ನು ಉತಾರದಲ್ಲಿ ಹೆಸರು ಏರುವುದು ಎಂದರೆ, ಆ ಒಪ್ಪಂದಕ್ಕಾಗಿ ನಮ್ಮ ಸಂಸತ್ತು ಒಂದು ಕಾಯ್ದೆ ಮಾಡುವುದು. ಪೊಲೀಸರು, ಕೋರ್ಟು, ಜೈಲು, ಇವರೆಲ್ಲ ನೋಡುವುದು ಉತಾರವನ್ನೇ. (ಉತಾರ ಒಂದೇ ಮಾಲೀಕತ್ವದ ಪುರಾವೆ ಅಲ್ಲ ಎಂದು ನನ್ನ ವಕೀಲ ಮಿತ್ರರು ತಕರಾರು ತೆಗೆಯಬಹುದು. ಅದು ನಿಜ. ಹೋಲಿಕೆಯನ್ನು ಬೇಕಾದಷ್ಟೇ ಹಿಡಿಯಿರಿ.)

ಎಲ್ಲ ದೇಶಗಳಲ್ಲೂ ಹೀಗಿಲ್ಲ. ನೆದರ್ಲೆಂಡ್ಸ್‌ನಂಥ ಕೆಲವು ದೇಶಗಳಲ್ಲಿ ದೃಢೀಕರಿಸಿದ ಒಪ್ಪಂದವನ್ನು ಕೋರ್ಟು ನೇರವಾಗಿ ಬಳಸಬಹುದು. ನಾವು ಬ್ರಿಟಿಷರ ದಾರಿ ಹಿಡಿದವರು. ಸಂವಿಧಾನದ 73ನೇ ವಿಧಿಯ ಕೆಳಗೆ ಕೇಂದ್ರ ಸರ್ಕಾರ ಒಪ್ಪಂದ ಮಾಡಿಕೊಳ್ಳುತ್ತದೆ, ಅದಕ್ಕೆ ಸಂಸತ್ತಿನಲ್ಲಿ ಮತ ಹಾಕಿಸಬೇಕೆಂದಿಲ್ಲ. ಅದನ್ನು ಜಾರಿ ಮಾಡುವ ಕಾಯ್ದೆಯನ್ನು 253ನೇ ವಿಧಿಯ ಕೆಳಗೆ ಸಂಸತ್ತು ಮಾಡುತ್ತದೆ. ಆ ವಿಧಿಗೆ ಬಲ ಜಾಸ್ತಿ. ಪೊಲೀಸ್ ರಾಜ್ಯದ ವಿಷಯ, ಅದರಲ್ಲಿ ದೆಹಲಿ ಕೈ ಹಾಕುವಂತಿಲ್ಲ ಎಂಬ ಮಾತು ಆಗಾಗ ಕೇಳುತ್ತೀರಲ್ಲ, ಒಪ್ಪಂದ ಜಾರಿ ಮಾಡುವ ಸಂದರ್ಭದಲ್ಲಿ ಆ ಅಡ್ಡಿ ಇರುವುದಿಲ್ಲ, ರಾಜ್ಯ ಪಟ್ಟಿಯ ವಿಷಯದಲ್ಲೂ ಸಂಸತ್ತು ಕಾಯ್ದೆ ಮಾಡಬಹುದು. 51ನೇ ವಿಧಿ ಒಪ್ಪಂದಗಳನ್ನು ಗೌರವಿಸಿ ಎನ್ನುತ್ತದೆ, ಆದರೆ ಅದು ಸರ್ಕಾರಕ್ಕೆ ಕೊಟ್ಟ ನಿರ್ದೇಶನ, ಅದನ್ನು ಹಿಡಿದುಕೊಂಡು ಕೋರ್ಟಿನಲ್ಲಿ ಕೇಸ್ ಗೆಲ್ಲಲು ಆಗುವುದಿಲ್ಲ. 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟ ಮಾಡಿದೆ. ಒಪ್ಪಂದ ಇದ್ದರೂ ದೇಶದ ಕಾನೂನು ಬದಲಾಗುವ ತನಕ ಕೋರ್ಟು ದೇಶದ ಕಾನೂನಿಗೇ ಬದ್ಧ.

ಸಂಸತ್ತು ಮನಸ್ಸು ಮಾಡಿದರೆ ಒಪ್ಪಂದ ಎಷ್ಟು ದೂರ ಬರುತ್ತದೆ ಎಂಬುದಕ್ಕೆ ನಿಮ್ಮ ಜಿಲ್ಲೆಯಲ್ಲೇ ಉದಾಹರಣೆ ಇದೆ. ತೊಗರಿ, ಹತ್ತಿ ಸಾಲಿನ ನಡುವೆ ಗಾಂಜಾ ಗಿಡ ಸಿಕ್ಕಿತು, ಹೊಲದ ಮಾಲೀಕನನ್ನು ಹಿಡಿದರು ಎಂಬ ಸುದ್ದಿ ನೀವೂ ಓದಿರುತ್ತೀರಿ. ಅಂಥ ಕೇಸಿನಲ್ಲಿ ವಕೀಲರು ಬಹಳ ಹೊತ್ತು ವಾದ ಮಾಡುವುದು ಒಂದು ವಿಷಯಕ್ಕೆ: ಜಪ್ತಿ ಮಾಡಿ ತೂಗಿದ್ದರಲ್ಲಿ ಹೂವಿನ ತುದಿ ಎಷ್ಟು, ಬರೀ ಎಲೆ, ಬೀಜ ಎಷ್ಟು? ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಆ ಗಿಡದ ಹೂ ಬಿಟ್ಟ ಅಥವಾ ಕಾಯಿ ಕಟ್ಟಿದ ತುದಿ. ತುದಿಯ ಜೊತೆಗೆ ಇಲ್ಲದ ಎಲೆ, ಬೀಜ ಗಾಂಜಾ ಅಲ್ಲ. ತೂಕ ಒಂದು ಕೆಜಿ ಒಳಗಿದ್ದರೆ ಸಣ್ಣ ಪ್ರಮಾಣ. 20 ಕೆಜಿ ದಾಟಿದರೆ ವಾಣಿಜ್ಯ ಪ್ರಮಾಣ, ಅದಕ್ಕೆ ಕನಿಷ್ಠ 10 ವರ್ಷ ಜೈಲು. ಹಾಗಾಗಿ ಎಲೆಯನ್ನು ಲೆಕ್ಕಕ್ಕೆ ಹಿಡಿಯುವುದೋ ಬಿಡುವುದೋ ಎಂಬುದರ ಮೇಲೆ ಒಬ್ಬನ ಹತ್ತು ವರ್ಷದ ಬದುಕು ನಿಂತಿರುತ್ತದೆ. ಈಗ ಕೇಳಿ. ಹೂವಿನ ತುದಿ, ಎಲೆ, ಬೀಜ ಎಂಬ ಆ ಮಾತು 1961ರಲ್ಲಿ ನ್ಯೂಯಾರ್ಕಿನಲ್ಲಿ ಆದ ಮಾದಕ ವಸ್ತುಗಳ ಒಪ್ಪಂದದಿಂದ ಬಂದದ್ದು, ಹೆಚ್ಚುಕಡಿಮೆ ಇದ್ದದ್ದು ಇದ್ದ ಹಾಗೆ. ಶಿವರಾತ್ರಿಯ ಭಂಗಿ ಎಲೆ ಗಾಂಜಾದ ಲೆಕ್ಕದಿಂದ ಹೊರಗೆ ಉಳಿದದ್ದೂ ಅದೇ ಮಾತಿನಿಂದ. ಅಂತರರಾಷ್ಟ್ರೀಯ ಒಪ್ಪಂದಗಳನ್ನು ಜಾರಿ ಮಾಡುವುದು ತನ್ನ ಉದ್ದೇಶಗಳಲ್ಲಿ ಒಂದು ಎಂದು ಆ ಕಾಯ್ದೆ ತನ್ನ ಮೊದಲ ಸಾಲುಗಳಲ್ಲೇ ಹೇಳಿಕೊಳ್ಳುತ್ತದೆ. ನ್ಯೂಯಾರ್ಕಿನ ಸಭೆಯಲ್ಲಿ ಬರೆದ ಒಂದು ವಾಕ್ಯ ಇಂಡಿ ತಾಲ್ಲೂಕಿನ ಹೊಲದ ಬದುವಿಗೆ ಬಂದು ನಿಂತಿದೆ. ಉತಾರದಲ್ಲಿ ಹೆಸರು ಏರಿದೆ ಎಂದರೆ ಇದೇ.

ಇಂಥವು ಇನ್ನೂ ಇವೆ. ವಿಮಾನ ಅಪಹರಣದ ವಿರುದ್ಧ 1970ರ ಹೇಗ್ ಒಪ್ಪಂದಕ್ಕಾಗಿ 1982ರಲ್ಲಿ ಕಾಯ್ದೆ ಬಂತು. 2010ರ ಬೀಜಿಂಗ್ ಒಪ್ಪಂದ ಬಂದ ಮೇಲೆ ಅದನ್ನು ತೆಗೆದು 2016ರಲ್ಲಿ ಹೊಸದನ್ನೇ ಮಾಡಿದರು. ದಕ್ಷಿಣ ಆಫ್ರಿಕಾದ ವರ್ಣಭೇದ ನೀತಿಯನ್ನು ಅಪರಾಧ ಎಂದ ಒಪ್ಪಂದಕ್ಕೆ ಭಾರತ 1977ರಲ್ಲಿ ಸೇರಿತು, 1981ರಲ್ಲಿ ಅದಕ್ಕೂ ಒಂದು ಕಾಯ್ದೆ ಆಯಿತು. ಮಾನವ ಕಳ್ಳಸಾಗಣೆಯದೂ ಹಾಗೆಯೇ. 2011ರಲ್ಲಿ ಅದರ ಒಪ್ಪಂದವನ್ನು ದೃಢೀಕರಿಸಿದೆವು, 2013ರಲ್ಲಿ ದಂಡ ಸಂಹಿತೆಯ 370ನೇ ಕಲಂ ಬದಲಾಗಿ ಆ ಒಪ್ಪಂದದ ವ್ಯಾಖ್ಯೆಯನ್ನು ಹೋಲುವ ವ್ಯಾಖ್ಯೆ ಒಳಗೆ ಬಂತು. ನಮ್ಮ ಭಾಗದಿಂದ ಪುಣೆ, ಮುಂಬೈ, ಗೋವಾ ಕಡೆಗೆ ಹೆಣ್ಣುಮಕ್ಕಳನ್ನು ಕೆಲಸದ ಆಸೆ ತೋರಿಸಿ ಕರೆದೊಯ್ಯುವ ಕೇಸುಗಳಲ್ಲಿ ಆ ಕಲಂ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಈಗ ಅದು ನ್ಯಾಯ ಸಂಹಿತೆಯ 143ನೇ ಕಲಂ.

ಇಷ್ಟೆಲ್ಲ ಮಾಡಿದ ದೇಶ ಜನಾಂಗ ಹತ್ಯೆಗೆ ಮಾತ್ರ ಕಾಯ್ದೆ ಮಾಡಲಿಲ್ಲ. ಒಪ್ಪಂದದ 5ನೇ ವಿಧಿಯೇ, ನಿಮ್ಮ ದೇಶದಲ್ಲಿ ಇದಕ್ಕೆ ಕಾನೂನು ಮಾಡಿ, ತಕ್ಕ ಶಿಕ್ಷೆ ಇಡಿ ಎಂದು ಹೇಳುತ್ತದೆ. 1959ರಿಂದ ಆ ಸಾಲು ಹಾಗೇ ಕಾಯುತ್ತಿದೆ. ಇದರ ಫಲ ಏನು ಎಂಬುದನ್ನು ದೆಹಲಿ ಹೈಕೋರ್ಟು 2018ರ ಡಿಸೆಂಬರ್ 17ರಂದು ಬರೆದಿಟ್ಟಿದೆ. 1984ರಲ್ಲಿ ಸಿಖ್ಖರ ಮೇಲೆ ನಡೆದ ಹತ್ಯಾಕಾಂಡದ ಪ್ರಕರಣದಲ್ಲಿ ಕಾಂಗ್ರೆಸ್ ನಾಯಕರಾಗಿದ್ದ ಸಜ್ಜನ್ ಕುಮಾರ್‌ಗೆ ಜೀವಾವಧಿ ಶಿಕ್ಷೆ ಕೊಡುತ್ತಾ, ಮಾನವತೆಯ ವಿರುದ್ಧದ ಅಪರಾಧವಾಗಲಿ ಜನಾಂಗ ಹತ್ಯೆಯಾಗಲಿ ನಮ್ಮ ದೇಶದ ಅಪರಾಧ ಕಾನೂನಿನಲ್ಲಿ ಇಲ್ಲ, ಈ ಕೊರತೆಯನ್ನು ಬೇಗ ಸರಿಪಡಿಸಬೇಕು ಎಂದಿತು. ಶಿಕ್ಷೆ ಆದದ್ದು ಕೊಲೆ, ಸಂಚು ಮುಂತಾದ ಮಾಮೂಲಿ ಕಲಂಗಳ ಕೆಳಗೆ. ಅದೂ 34 ವರ್ಷ ಕಳೆದ ಮೇಲೆ.

ಕೊಲೆಯ ಕಲಂ ಇದೆಯಲ್ಲ, ಸಾಲದಾ ಎಂದು ನನ್ನ ವಿದ್ಯಾರ್ಥಿಗಳು ಪ್ರತಿ ವರ್ಷ ಕೇಳುತ್ತಾರೆ. ಸಾಲುವುದಿಲ್ಲ ಎಂಬುದೇ ನನ್ನ ಖಚಿತ ಅಭಿಪ್ರಾಯ. ಕೊಲೆಯ ಕಲಂ ಒಂದೊಂದು ಹೆಣಕ್ಕೆ ಒಂದೊಂದು ಲೆಕ್ಕ ಇಡುತ್ತದೆ. ಜನಾಂಗ ಹತ್ಯೆಯ ಒಪ್ಪಂದ ಕೇಳುವ ಪ್ರಶ್ನೆ ಬೇರೆ: ಒಂದು ಧರ್ಮದ, ಜನಾಂಗದ ಅಥವಾ ರಾಷ್ಟ್ರೀಯತೆಯ ಗುಂಪನ್ನೇ ಪೂರ್ತಿಯಾಗಿ ಅಥವಾ ಭಾಗಶಃ ನಾಶ ಮಾಡುವ ಉದ್ದೇಶ ಇತ್ತಾ? ಆ ಉದ್ದೇಶ ಇದ್ದರೆ ಕೊಲ್ಲುವುದಷ್ಟೇ ಅಲ್ಲ, ಆ ಗುಂಪಿನಲ್ಲಿ ಮಕ್ಕಳು ಹುಟ್ಟದಂತೆ ಮಾಡುವುದು, ಅವರ ಮಕ್ಕಳನ್ನು ಬಲವಂತವಾಗಿ ಬೇರೆ ಗುಂಪಿಗೆ ಸೇರಿಸುವುದೂ ಅಪರಾಧ. ವೇದಿಕೆ ಹತ್ತಿ ಜನರನ್ನು ಹತ್ಯೆಗೆ ನೇರವಾಗಿ ಪ್ರಚೋದಿಸಿದವನೂ ಅಪರಾಧಿ. ಪತ್ರಿಕೆಗಳಲ್ಲಿ ಹೆಚ್ಚು ಜನ ಸತ್ತ ಎಲ್ಲ ಘಟನೆಗೂ ನರಮೇಧ ಎಂದು ಬರೆಯುತ್ತಾರೆ. ಕಾನೂನಿನ ಅರ್ಥದಲ್ಲಿ ಎಲ್ಲ ನರಮೇಧವೂ ಜನಾಂಗ ಹತ್ಯೆ ಅಲ್ಲ. ಸತ್ತವರ ಸಂಖ್ಯೆಗಿಂತ ಕೊಂದವರ ಉದ್ದೇಶ ಅಲ್ಲಿ ಮುಖ್ಯ. ಹೊಸ ಸಂಹಿತೆಯ 103ನೇ ಕಲಮಿನಲ್ಲಿ, ಐದು ಅಥವಾ ಅದಕ್ಕಿಂತ ಹೆಚ್ಚು ಜನ ಸೇರಿ ಜಾತಿ, ಜನಾಂಗ, ಭಾಷೆಯಂಥ ಕಾರಣಕ್ಕೆ ಕೊಲೆ ಮಾಡಿದರೆ ಬೇರೆಯಾಗಿ ಶಿಕ್ಷೆ ಹೇಳಿದ್ದಾರೆ. ಅದು ಒಳ್ಳೆಯ ಹೆಜ್ಜೆ. ಆದರೆ ಸಂಹಿತೆಯನ್ನೇ ಹೊಸದಾಗಿ ಬರೆಯುವಾಗ, ಎಂದೋ ಒಪ್ಪಿದ ಒಂದು ಅಪರಾಧವನ್ನು ಸೇರಿಸದೇ ಬಿಟ್ಟದ್ದು ನನಗೆ ಇವತ್ತಿಗೂ ನೋವಿನ ವಿಷಯ.

ನಿಮ್ಮ ಮೊಮ್ಮಗ ಇಲ್ಲಿ ಒಂದು ಜಾಣ ಪ್ರಶ್ನೆ ಹಾಕಬಹುದು. 1997ರ ವಿಶಾಖಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಕಾಯ್ದೆ ಇಲ್ಲದಿದ್ದರೂ, ಮಹಿಳೆಯರ ಹಕ್ಕಿನ ಅಂತರರಾಷ್ಟ್ರೀಯ ಒಪ್ಪಂದವನ್ನು ಆಧಾರ ಮಾಡಿಕೊಂಡು ಕಚೇರಿಗಳಲ್ಲಿನ ಲೈಂಗಿಕ ಕಿರುಕುಳಕ್ಕೆ ನಿಯಮ ಮಾಡಲಿಲ್ಲವಾ? ಮಾಡಿತು. ಆದರೆ ಅಲ್ಲಿ ಕೋರ್ಟು ಹಕ್ಕಿಗೆ ರಕ್ಷಣೆ ಕೊಟ್ಟಿತು, ಯಾರನ್ನೂ ಹೊಸ ಅಪರಾಧದ ಹೆಸರಿನಲ್ಲಿ ಜೈಲಿಗೆ ಕಳಿಸಲಿಲ್ಲ. ಅಪರಾಧವನ್ನು ಹುಟ್ಟಿಸುವ ಅಧಿಕಾರ ನ್ಯಾಯಾಧೀಶರಿಗೆ ಇಲ್ಲ, ಇರಲೂ ಬಾರದು. ಇನ್ನೊಂದು ತೊಡಕೂ ಇದೆ. ಜನಾಂಗ ಹತ್ಯೆಯ ಒಪ್ಪಂದವನ್ನು ಮೊದಲಿಂದ ಕೊನೆಯ ತನಕ ಓದಿದರೂ ಎಷ್ಟು ವರ್ಷ ಶಿಕ್ಷೆ ಎಂದು ಎಲ್ಲೂ ಸಿಗುವುದಿಲ್ಲ. ವಿಜಯಪುರದ ಸೆಷನ್ಸ್ ನ್ಯಾಯಾಧೀಶರು ಅದನ್ನೇ ಕೈಯಲ್ಲಿ ಹಿಡಿದು ಕೂತರೂ ಕೊನೆಯ ಸಾಲು ಬರೆಯಲು ಆಗುವುದಿಲ್ಲ.

ನನಗೆ ಎಲ್ಲಕ್ಕಿಂತ ಕಳವಳ ತರುವುದು ಮುಂದಿನ ಮಾತು. ಸಂವಿಧಾನದ 20ನೇ ವಿಧಿಯ ಮೊದಲ ಭಾಗದ ಪ್ರಕಾರ, ಕೃತ್ಯ ನಡೆದ ದಿನ ಯಾವ ಕಾನೂನು ಜಾರಿಯಲ್ಲಿತ್ತೋ ಅದನ್ನು ಮುರಿದಿದ್ದಕ್ಕೆ ಮಾತ್ರ ಶಿಕ್ಷೆ. ಇದು ನಮ್ಮನ್ನು ಕಾಯುವ ಒಳ್ಳೆಯ ನಿಯಮ, ಇದನ್ನು ಮುಟ್ಟಬಾರದು. ಆದರೆ ಇದರ ಅರ್ಥ ನೋಡಿ. ಜನಾಂಗ ಹತ್ಯೆಯ ಕಾಯ್ದೆ ನಾಳೆ ಬಂದರೂ ಅದು ನಾಳೆಯಿಂದ ಮುಂದಕ್ಕೆ ಮಾತ್ರ. ನಿನ್ನೆಯ ತನಕ ನಡೆದದ್ದು ಆ ಹೆಸರಿನಲ್ಲಿ ಎಂದೂ ಕೋರ್ಟಿಗೆ ಬರುವುದಿಲ್ಲ. ಉತಾರ ತಡವಾದರೆ ಹಳೆಯ ವರ್ಷದ ಸಾಲ ಮುಂದಿನ ವರ್ಷವಾದರೂ ಸಿಗಬಹುದು. ಇಲ್ಲಿ ತಡವಾದ ಪ್ರತಿ ವರ್ಷವೂ ಪೂರ್ತಿ ಕೈಬಿಟ್ಟಂತೆಯೇ. ಬಾಂಗ್ಲಾದೇಶಕ್ಕೆ ಇದೇ ತೊಡಕು ಎದುರಾಗಿತ್ತು. 1971ರ ಯುದ್ಧಾಪರಾಧಗಳನ್ನು ವಿಚಾರಣೆ ಮಾಡಲು 1973ರಲ್ಲಿ ಅವರು ಕಾಯ್ದೆ ತಂದರು, ಆದರೆ ಅದಕ್ಕಾಗಿ ಮೊದಲು ಸಂವಿಧಾನವನ್ನೇ ತಿದ್ದಬೇಕಾಯಿತು. ಅವರ ನ್ಯಾಯಮಂಡಳಿಯ ಹೆಸರಿನಲ್ಲಿ ಅಂತರರಾಷ್ಟ್ರೀಯ ಎಂದು ಇರುವುದರಿಂದ ಅದೂ ಹೇಗ್ ಕಡೆಯದು ಎಂದು ಜನ ತಿಳಿಯುತ್ತಾರೆ. ಅಲ್ಲ, ಅದು ಢಾಕಾದಲ್ಲಿರುವ ಅವರದೇ ದೇಶದ ಕೋರ್ಟು.

ಚಿತ್ರಹಿಂಸೆ ವಿರುದ್ಧದ ಒಪ್ಪಂದದ ಸ್ಥಿತಿ ಇನ್ನೂ ಹಿಂದೆ ಇದೆ. ಅದು ಸಂಚಕಾರದ ಹಂತದಲ್ಲೇ ನಿಂತಿದೆ. ಭಾರತ ಸಹಿ ಹಾಕಿದ್ದು 1997ರ ಅಕ್ಟೋಬರ್ 14ರಂದು, ದೃಢೀಕರಣ ಇನ್ನೂ ಆಗಿಲ್ಲ. 2010ರಲ್ಲಿ ಲೋಕಸಭೆ ಒಂದು ಮಸೂದೆ ಪಾಸು ಮಾಡಿತು. ರಾಜ್ಯಸಭೆ ಅದನ್ನು ಆಯ್ಕೆ ಸಮಿತಿಗೆ ಕಳಿಸಿತು. 2014ರಲ್ಲಿ ಲೋಕಸಭೆಯ ಅವಧಿ ಮುಗಿದಾಗ ಮಸೂದೆಯೂ ಬಿದ್ದುಹೋಯಿತು. 2017ರಲ್ಲಿ ಕಾನೂನು ಆಯೋಗ ತನ್ನ 273ನೇ ವರದಿಯಲ್ಲಿ ದೃಢೀಕರಿಸಿ, ಕಾಯ್ದೆ ಮಾಡಿ ಎಂದು ಹೇಳಿ ಕರಡನ್ನೂ ಬರೆದುಕೊಟ್ಟಿತು. 2019ರಲ್ಲಿ ವಿಷಯ ಸುಪ್ರೀಂ ಕೋರ್ಟಿಗೆ ಹೋದಾಗ, ಕಾಯ್ದೆ ಮಾಡಿ ಎಂದು ಸಂಸತ್ತಿಗೆ ಆದೇಶ ಕೊಡುವುದು ನಮ್ಮ ಕೆಲಸವಲ್ಲ ಎಂದು ಕೋರ್ಟು ಹೇಳಿತು. ತಪ್ಪೊಪ್ಪಿಗೆಗಾಗಿ ಹೊಡೆದರೆ ಶಿಕ್ಷೆ ಕೊಡುವ ಕಲಂ ನಮ್ಮಲ್ಲಿದೆ, ಈಗ ಅದು 120ನೆಯದು. ಬಂಧನದ ವೇಳೆ ಪೊಲೀಸರು ಹೇಗೆ ನಡೆದುಕೊಳ್ಳಬೇಕು ಎಂದು ಸುಪ್ರೀಂ ಕೋರ್ಟಿನ ಡಿ.ಕೆ. ಬಸು ತೀರ್ಪು ಹೇಳಿದೆ. ಆದರೆ ತಪ್ಪೊಪ್ಪಿಗೆಗಾಗಿ ಅಲ್ಲದೆ ಬರೀ ಹೆದರಿಸಲು, ಸೇಡು ತೀರಿಸಿಕೊಳ್ಳಲು, ಜಾತಿ ನೋಡಿ ಲಾಕಪ್ಪಿನಲ್ಲಿ ಹಿಂಸೆ ಕೊಟ್ಟರೆ, ಅದಕ್ಕೆ ಚಿತ್ರಹಿಂಸೆ ಎಂದೇ ಹೆಸರಿಟ್ಟು ಶಿಕ್ಷೆ ಹೇಳುವ ಕಲಂ ಇಲ್ಲ.

ಇದರ ಬೆಲೆಯನ್ನು ನಾವೇ ತೆರುತ್ತಿದ್ದೇವೆ. 1995ರಲ್ಲಿ ಬಂಗಾಳದ ಪುರುಲಿಯಾದಲ್ಲಿ ವಿಮಾನದಿಂದ ಬಂದೂಕು, ಗುಂಡು ಸುರಿದ ಪ್ರಕರಣ ನಿಮಗೆ ನೆನಪಿರಬಹುದು, ಆಗ ನೀವು ಸೇವೆಯಲ್ಲೇ ಇದ್ದಿರಬೇಕು. ಅದರ ಆರೋಪಿಯನ್ನು ಒಪ್ಪಿಸಿ ಎಂದು ಭಾರತ ಡೆನ್ಮಾರ್ಕನ್ನು ಕೇಳಿತು. 2011ರಲ್ಲಿ ಅಲ್ಲಿನ ಕೋರ್ಟು ಒಪ್ಪಲಿಲ್ಲ. ಭಾರತದ ಜೈಲಿನಲ್ಲಿ ಅವನಿಗೆ ಚಿತ್ರಹಿಂಸೆ ಆಗುವ ಅಪಾಯ ಇದೆ ಎಂಬುದು ಕಾರಣ. ನಮ್ಮ ದೇಶದ ಮೇಲೆ ನಡೆದ ಅಪರಾಧ, ಆರೋಪಿ ನಮ್ಮ ಕೈಗೆ ಸಿಗಲಿಲ್ಲ, ಅಲ್ವಾ? ದೃಢೀಕರಿಸಿದ ಮಾತ್ರಕ್ಕೆ ಅವನು ಬಂದೇಬಿಡುತ್ತಿದ್ದ ಎಂದು ನಾನು ಹೇಳುತ್ತಿಲ್ಲ. ಅಂಥ ಕೋರ್ಟಿನ ಮುಂದೆ ನಮ್ಮ ವಕೀಲರಿಗೆ ಹಿಡಿದು ನಿಲ್ಲಲು ಒಂದು ಗಟ್ಟಿ ಕಾಗದವಾದರೂ ಇರುತ್ತಿತ್ತು.

ಇನ್ನು ಹೇಗ್ ವಿಷಯ. ಅಲ್ಲಿ ಇರುವುದು ಎರಡು ಕೋರ್ಟು, ಟಿವಿಯವರು ಎರಡನ್ನೂ ಬೆರೆಸುತ್ತಾರೆ. ದಕ್ಷಿಣ ಆಫ್ರಿಕಾ 2023ರ ಡಿಸೆಂಬರಿನಲ್ಲಿ ಇಸ್ರೇಲ್ ವಿರುದ್ಧ ಹೋದದ್ದು ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ. ಅಲ್ಲಿ ದೇಶದ ಮೇಲೆ ದೇಶ ದಾವೆ ಹೂಡುತ್ತದೆ. ನಮ್ಮ ನ್ಯಾಯಮೂರ್ತಿ ದಲ್ವೀರ್ ಭಂಡಾರಿ ಕೂತಿದ್ದ ಪೀಠ ಅದು. ಜನಾಂಗ ಹತ್ಯೆ ಒಪ್ಪಂದದ 9ನೇ ವಿಧಿ ಅದಕ್ಕೆ ದಾರಿ. ಆದರೆ ನಮ್ಮ ಒಪ್ಪಿಗೆ ಇಲ್ಲದೆ ನಮ್ಮನ್ನು ಅಲ್ಲಿಗೆ ಎಳೆಯುವಂತಿಲ್ಲ ಎಂದು ಭಾರತ ಆ ವಿಧಿಗೆ ಷರತ್ತು ಹಾಕಿಯೇ ಒಪ್ಪಿದೆ. ಇನ್ನೊಂದು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ. ಪುಟಿನ್ ಮೇಲೆ 2023ರ ಮಾರ್ಚಿನಲ್ಲಿ, ನೆತನ್ಯಾಹು ಮೇಲೆ 2024ರ ನವೆಂಬರಿನಲ್ಲಿ ವಾರಂಟ್ ಹೊರಡಿಸಿದ್ದು ಇದು. ಇಲ್ಲಿ ವಿಚಾರಣೆ ನಡೆಯುವುದು ದೇಶಗಳ ಮೇಲಲ್ಲ, ವ್ಯಕ್ತಿಗಳ ಮೇಲೆ.

ಈ ಎರಡನೆಯದನ್ನು ಹುಟ್ಟಿಸಿದ ರೋಮ್ ಒಪ್ಪಂದಕ್ಕೆ 1998ರ ಜುಲೈ 17ರಂದು ಮತ ಹಾಕಿದಾಗ 120 ದೇಶ ಪರ, 7 ವಿರೋಧ, 21 ತಟಸ್ಥ. ಭಾರತ ತಟಸ್ಥ. ನಮ್ಮವರ ಆಕ್ಷೇಪಗಳಲ್ಲಿ ನನಗೆ ತೂಕದ್ದು ಎನಿಸುವುದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯದು. ಯಾವ ದೇಶದ ಪ್ರಕರಣವನ್ನಾದರೂ ಕೋರ್ಟಿಗೆ ಕಳಿಸುವ, ನಡೆಯುತ್ತಿರುವ ಪ್ರಕರಣವನ್ನು 12 ತಿಂಗಳು ತಡೆದು ನಿಲ್ಲಿಸುವ ಅಧಿಕಾರ ಅದಕ್ಕಿದೆ. ಅಮೆರಿಕ, ರಷ್ಯಾ, ಚೀನಾ ಮೂರೂ ಆ ಕೋರ್ಟಿನ ಸದಸ್ಯರಲ್ಲ. ಆದರೂ ಮಂಡಳಿಯಲ್ಲಿ ಕೂತು ಸುಡಾನ್ ದೇಶದ ಡಾರ್ಫರ್ ಪ್ರಕರಣವನ್ನು 2005ರಲ್ಲಿ, ಲಿಬಿಯಾವನ್ನು 2011ರಲ್ಲಿ ಅಲ್ಲಿಗೆ ಕಳಿಸಲು ಅವರ ಮಾತೂ ನಡೆಯಿತು. ಇದು ಸರಿಯಲ್ಲ, ಭಾರತ ಹೇಳಿದ್ದರಲ್ಲಿ ನ್ಯಾಯ ಇದೆ. ಅಣ್ವಸ್ತ್ರವನ್ನು ನಿಷೇಧಿತ ಆಯುಧಗಳ ಪಟ್ಟಿಗೆ ಸೇರಿಸಲಿಲ್ಲ, ಭಯೋತ್ಪಾದನೆಯನ್ನು ಅಪರಾಧಗಳ ಪಟ್ಟಿಗೆ ಸೇರಿಸಲಿಲ್ಲ ಎಂಬ ಆಕ್ಷೇಪಗಳೂ ಇದ್ದವು. ನಾವು ಸದಸ್ಯರಲ್ಲವಾದ್ದರಿಂದ 2025ರ ಡಿಸೆಂಬರಿನಲ್ಲಿ ಪುಟಿನ್ ದೆಹಲಿಗೆ ಬಂದಾಗ ಹಿಡಿದುಕೊಡುವ ಹೊಣೆ ನಮಗೆ ಇರಲಿಲ್ಲ. ಮಂಗೋಲಿಯಾ ಸದಸ್ಯ ದೇಶ. 2024ರಲ್ಲಿ ಅವರು ಅಲ್ಲಿಗೆ ಹೋದಾಗ ಹಿಡಿಯಲಿಲ್ಲ, ಆ ದೇಶ ಹೊಣೆ ಮುರಿದಿದೆ ಎಂದು ಕೋರ್ಟು ಹೇಳಿತು.

ಆದರೆ ಹೇಗ್ ಬೇಡ ಎನ್ನುವುದಕ್ಕೂ, ನಮ್ಮಲ್ಲೇ ಕಾಯ್ದೆ ಬೇಡ ಎನ್ನುವುದಕ್ಕೂ ಸಂಬಂಧ ಇಲ್ಲ. ಆ ಕೋರ್ಟು ಕೈ ಹಾಕುವುದೇ, ಒಂದು ದೇಶ ತಾನೇ ವಿಚಾರಣೆ ಮಾಡಲು ಮನಸ್ಸಿಲ್ಲದಾಗ ಅಥವಾ ಶಕ್ತಿ ಇಲ್ಲದಾಗ. ನಮ್ಮವರನ್ನು ಹೊರಗಿನವರು ವಿಚಾರಣೆ ಮಾಡುವುದು ಬೇಡ ಎನ್ನುವವರು ಮೊದಲು ಕೇಳಬೇಕಾದ್ದು ನಮ್ಮದೇ ಕಾಯ್ದೆಯನ್ನು.

ನೀವು ಕೇಳದಿದ್ದರೂ, ಸೈನಿಕರಾಗಿದ್ದ ನಿಮಗೆ ಒಂದು ವಿಷಯ ಹೇಳಲೇಬೇಕು. ನಿಮ್ಮ ತರಬೇತಿಯಲ್ಲಿ ಜಿನೀವಾ ಒಪ್ಪಂದಗಳ ಪಾಠ ಆಗಿರುತ್ತದೆ. ಸೆರೆ ಸಿಕ್ಕವನು ಹೆಸರು, ಹುದ್ದೆ, ನಂಬರು, ಹುಟ್ಟಿದ ದಿನ ಹೇಳಿದರೆ ಸಾಕು ಎಂಬುದು ಅದರದೇ ನಿಯಮ. 1949ರ ಆ ನಾಲ್ಕು ಒಪ್ಪಂದಗಳನ್ನು ಭಾರತ 1950ರಲ್ಲಿ ದೃಢೀಕರಿಸಿತು, 1960ರಲ್ಲಿ ಕಾಯ್ದೆ ಮಾಡಿತು. ದೇಶ ದೇಶಗಳ ಯುದ್ಧದಲ್ಲಿ ಸೆರೆಯಾಳನ್ನೋ ಗಾಯಾಳುವನ್ನೋ ಬೇಕೆಂದೇ ಕೊಂದರೆ ಅದರ ಪ್ರಕಾರ ಮರಣದಂಡನೆ ಅಥವಾ ಜೀವಾವಧಿ. ಆ ಕೃತ್ಯ ಜಗತ್ತಿನ ಯಾವ ಮೂಲೆಯಲ್ಲಿ ನಡೆದಿದ್ದರೂ, ಮಾಡಿದವನು ಯಾವ ದೇಶದವನಾದರೂ ಸರಿ, ಅವನು ಭಾರತದಲ್ಲಿ ಎಲ್ಲಿ ಸಿಗುತ್ತಾನೋ ಅಲ್ಲೇ ಆ ಅಪರಾಧ ನಡೆದಂತೆ ತಿಳಿದು ವಿಚಾರಣೆ ಮಾಡಬಹುದು. ಅಂಥವನೊಬ್ಬ ಸಿಂದಗಿಯಲ್ಲಿ ಸಿಕ್ಕರೆ ವಿಜಯಪುರದ ಸೆಷನ್ಸ್ ಕೋರ್ಟಿಗೆ ಆ ಅಧಿಕಾರ ಇದೆ. ಒಂದೇ ಷರತ್ತು, ದೂರು ಸರ್ಕಾರದಿಂದ ಅಥವಾ ಅದು ಗೊತ್ತು ಮಾಡಿದ ಅಧಿಕಾರಿಯಿಂದಲೇ ಬರಬೇಕು. ನೀವಾಗಲಿ ನಾನಾಗಲಿ ಹೋಗಿ ಕೊಡುವಂತಿಲ್ಲ. ಮೊಮ್ಮಗನಿಗೆ 1960ರ ಆ ಕಾಯ್ದೆಯ 3, 4, 5 ಮತ್ತು 17ನೇ ಕಲಂಗಳನ್ನು ನಿಮ್ಮ ಮುಂದೆಯೇ ಓದಲು ಹೇಳಿ. ನಾಲ್ಕೂ ಸೇರಿ ಎರಡು ಪುಟ ದಾಟುವುದಿಲ್ಲ.